ದಾವಣಗೆರೆ, ಚಿತ್ರದುರ್ಗದವರು ವಿಮಾನ ಎಲ್ಲಿಂದ ಹತ್ತಬೇಕು? ಹುಬ್ಬಳ್ಳಿ, ಶಿವಮೊಗ್ಗ, ದೇವನಹಳ್ಳಿ ಹೋಲಿಕೆ

‘ದಾವಣಗೆರೆಯಿಂದ ಬೆಂಗಳೂರಿಗೆ ವಿಮಾನದ ದೂರ’ ಎಂದು ಮೊಬೈಲ್‌ನಲ್ಲಿ ಹುಡುಕಿದರೆ ಸುಮಾರು 245 ಕಿ.ಮೀ., ಅರ್ಧ ಗಂಟೆ ಚಿಲ್ಲರೆ ಹಾರಾಟ ಎಂಬಂಥ ಉತ್ತರ ಬರುತ್ತದೆ. ದಾವಣಗೆರೆಯಲ್ಲಿ ವಿಮಾನ ನಿಲ್ದಾಣವೇ ಇಲ್ಲ. ಚಿತ್ರದುರ್ಗದಲ್ಲೂ ಇಲ್ಲ. ಆ ಸೈಟುಗಳು ಎರಡೂ ಊರುಗಳ ಅಕ್ಷಾಂಶ, ರೇಖಾಂಶ ಹಿಡಿದು ನೆಟ್ಟಗೆ ಒಂದು ಗೆರೆ ಎಳೆದು, ಅದನ್ನು ವಿಮಾನದ ವೇಗದಿಂದ ಭಾಗಿಸಿ ಕೊಡುತ್ತವೆ, ಅಷ್ಟೇ. ಬೆಂಗಳೂರಿನ ಮಟ್ಟಿಗೆ ಆ ಲೆಕ್ಕದಿಂದ ಏನೂ ಉಪಯೋಗವಿಲ್ಲ. ರಾಷ್ಟ್ರೀಯ ಹೆದ್ದಾರಿ 48 ಹೆಚ್ಚುಕಡಿಮೆ ಅದೇ ಗೆರೆಯ ಪಕ್ಕದಲ್ಲೇ ಸಾಗುವುದರಿಂದ ರಸ್ತೆಯ ದೂರವೂ 260–265 ಕಿ.ಮೀ. ಮಾತ್ರ. ಮುಂಬೈಗೆ ಹೊರಟಾಗ ಗೆರೆಗೂ ರಸ್ತೆಗೂ ಅಂತರ ಹೆಚ್ಚುತ್ತದೆ. ಗೆರೆ ಸುಮಾರು 610 ಕಿ.ಮೀ., ಬೆಳಗಾವಿ, ಪುಣೆ ಸುತ್ತಿಕೊಂಡು ಘಟ್ಟ ಇಳಿಯುವ ರಸ್ತೆ 720 ಕಿ.ಮೀ. ಆಸುಪಾಸು.

ಹಾಗಾಗಿ ನಮ್ಮ ಕಡೆಯವರು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ. ಯಾವ ನಿಲ್ದಾಣಕ್ಕೆ ಹೋಗಿ ಹತ್ತಿದರೆ ಮನೆ ಬಾಗಿಲಿಂದ ಆ ಊರಿನ ಬಾಗಿಲವರೆಗೆ ಕಡಿಮೆ ಹೊತ್ತು ಹಿಡಿಯುತ್ತದೆ, ಏನಾದರೂ ಕೆಟ್ಟರೆ ಎಲ್ಲಿ ಪಾರಾಗಬಹುದು?

ಟಿಕೆಟ್‌ನಲ್ಲಿರುವ ಸಮಯ ಅಂದರೆ ಏನು

ಟಿಕೆಟ್‌ನಲ್ಲಿ ‘1 ಗಂಟೆ 20 ನಿಮಿಷ’ ಎಂದಿದ್ದರೆ ಅಷ್ಟೂ ಹೊತ್ತು ವಿಮಾನ ಗಾಳಿಯಲ್ಲಿರುತ್ತದೆ ಎಂದಲ್ಲ. ನಿಂತ ಜಾಗದಿಂದ ಕದಲಿದ ಗಳಿಗೆಯಿಂದ ಇನ್ನೊಂದು ಊರಲ್ಲಿ ನಿಲ್ಲುವ ಜಾಗಕ್ಕೆ ಬಂದು ಸೇರುವವರೆಗಿನ ಲೆಕ್ಕ ಅದು. ರನ್‌ವೇವರೆಗೆ ಉರುಳುವುದು, ಸರದಿ ಕಾಯುವುದು, ಏರುವುದು, ಇಳಿಯುವುದು ಎಲ್ಲವೂ ಅದರೊಳಗೇ ಬಂತು. ಹತ್ತು ಸಾವಿರ ಅಡಿಗಿಂತ ಕೆಳಗೆ ವೇಗಕ್ಕೆ 250 ನಾಟ್, ಅಂದರೆ ಗಂಟೆಗೆ ಸುಮಾರು 463 ಕಿ.ಮೀ. ಮಿತಿ ಇದೆ. ಹೀಗಾಗಿ ಹತ್ತಿರದ ಊರಿಗೆ ಹಾರುವ ವಿಮಾನಕ್ಕೆ ಪೂರ್ತಿ ವೇಗದಲ್ಲಿ ಹೋಗಲು ಸಿಗುವ ಹೊತ್ತೇ ಕಡಿಮೆ. ಮುಂಬೈಯಂಥ ಕಿಕ್ಕಿರಿದ ನಿಲ್ದಾಣಕ್ಕೆ ಹೋಗುವಾಗ ಆಕಾಶದಲ್ಲೇ ಸುತ್ತು ಹಾಕಿಸುವುದೂ ಉಂಟು. ಕಂಪನಿಗಳು ಅದನ್ನೂ ಸೇರಿಸಿಯೇ ವೇಳಾಪಟ್ಟಿ ಬರೆಯುತ್ತವೆ. ಹೊರಡುವಾಗ ಇಪ್ಪತ್ತು ನಿಮಿಷ ತಡವಾದ ವಿಮಾನ ಎಷ್ಟೋ ಸಲ ಸರಿಯಾದ ಹೊತ್ತಿಗೇ ತಲುಪುವುದು ಇದರಿಂದಲೇ.

ಅಂದಾಜಿಗೆ ಒಂದು ಲೆಕ್ಕ ಇಟ್ಟುಕೊಳ್ಳಿ. ಏರ್‌ಬಸ್ ಎ320 ತರಹದ ಜೆಟ್ ಆದರೆ ಆಕಾಶದ ಕಿಲೋಮೀಟರನ್ನು 13ರಿಂದ ಭಾಗಿಸಿ, ಬಂದ ನಿಮಿಷಗಳಿಗೆ 35–40 ಸೇರಿಸಿ. ರೆಕ್ಕೆಯ ಮುಂದೆ ಫ್ಯಾನ್ ತಿರುಗುವ ಎಟಿಆರ್ ಆದರೆ 8ರಿಂದ ಭಾಗಿಸಿ 25 ಸೇರಿಸಿ. ಎಟಿಆರ್‌ನ ವೇಗ ಗಂಟೆಗೆ 500 ಕಿ.ಮೀ. ಹತ್ತಿರ, ಜೆಟ್‌ನದು 830ರ ಹತ್ತಿರ.

| ಮಾರ್ಗ | ಆಕಾಶ ದೂರ (ಕಿ.ಮೀ.) | ಟಿಕೆಟ್‌ನಲ್ಲಿ ಕಾಣುವ ಸಮಯ, ಅಂದಾಜು |
|---|---|---|
| ಹುಬ್ಬಳ್ಳಿ–ಮುಂಬೈ | 475 | 1 ಗಂಟೆ 15–25 ನಿಮಿಷ |
| ಬೆಂಗಳೂರು–ಮುಂಬೈ | 835 | 1 ಗಂಟೆ 45 ನಿಮಿಷದಿಂದ 2 ಗಂಟೆ |
| ಹುಬ್ಬಳ್ಳಿ–ದೆಹಲಿ | 1,480 | 2 ಗಂಟೆ 30–45 ನಿಮಿಷ |
| ಬೆಂಗಳೂರು–ದೆಹಲಿ | 1,710 | 2 ಗಂಟೆ 45 ನಿಮಿಷದಿಂದ 3 ಗಂಟೆ |
| ಹುಬ್ಬಳ್ಳಿ–ಹೈದರಾಬಾದ್ (ಎಟಿಆರ್) | 415 | 1 ಗಂಟೆ 15–30 ನಿಮಿಷ |
| ಶಿವಮೊಗ್ಗ–ಬೆಂಗಳೂರು (ಎಟಿಆರ್) | 240 | 1 ಗಂಟೆ |

ದೆಹಲಿಯ ಎರಡು ಸಾಲು ನೋಡಿ. ಹುಬ್ಬಳ್ಳಿಯಿಂದ ಹಾರಿದರೆ ಆಕಾಶದಲ್ಲಿ 230 ಕಿ.ಮೀ. ಉಳಿಯುತ್ತದೆ, ಸಮಯದಲ್ಲಿ ಉಳಿಯುವುದು ಹದಿನೈದು–ಇಪ್ಪತ್ತು ನಿಮಿಷ. ದಾವಣಗೆರೆಯವರಿಗೆ ನಿಜವಾದ ಉಳಿತಾಯ ಇರುವುದು ಕೆಳಗೆ, ರಸ್ತೆಯಲ್ಲಿ.

ಎರಡು ನಿಲ್ದಾಣಕ್ಕೂ ಸಮದೂರದ ಊರು ಚಿತ್ರದುರ್ಗ

ಹೆದ್ದಾರಿಯಲ್ಲಿ ಚಿತ್ರದುರ್ಗದಿಂದ ಹುಬ್ಬಳ್ಳಿ ವಿಮಾನ ನಿಲ್ದಾಣಕ್ಕೆ ಸುಮಾರು 210 ಕಿ.ಮೀ. ದಾಬಸ್‌ಪೇಟೆಯಲ್ಲಿ ತಿರುಗಿ ಬೆಂಗಳೂರಿನ ವಿಮಾನ ನಿಲ್ದಾಣವಿರುವ ದೇವನಹಳ್ಳಿಗೆ ಹೋದರೂ ಹೆಚ್ಚುಕಡಿಮೆ ಅಷ್ಟೇ. ಅಲ್ಲಿಂದ ಉತ್ತರಕ್ಕೆ ಒಂದು ಕಿಲೋಮೀಟರ್ ಸರಿದರೆ ಹುಬ್ಬಳ್ಳಿ ಒಂದು ಹತ್ತಿರ, ದೇವನಹಳ್ಳಿ ಒಂದು ದೂರ, ಒಟ್ಟು ವ್ಯತ್ಯಾಸ ಎರಡು. 60 ಕಿ.ಮೀ. ದಾಟಿ ದಾವಣಗೆರೆಗೆ ಬರುವ ಹೊತ್ತಿಗೆ ಹುಬ್ಬಳ್ಳಿ 150, ದೇವನಹಳ್ಳಿ 275 ಆಗಿರುತ್ತದೆ.

ಈ ಲೆಕ್ಕ ತಾಲೂಕು ತಾಲೂಕಿಗೂ ಬದಲಾಗುತ್ತದೆ. ದಾವಣಗೆರೆ, ಹರಿಹರದವರು ಮೊದಲು ಹುಬ್ಬಳ್ಳಿಯಲ್ಲಿ ವಿಮಾನ ಇದೆಯೇ ನೋಡಬೇಕು, ಇಲ್ಲದಿದ್ದರೆ ಮಾತ್ರ ಬೆಂಗಳೂರು. ಚಿತ್ರದುರ್ಗ ಪಟ್ಟಣದವರಿಗೆ ದೂರ ಸಮ ಆಗಿರುವುದರಿಂದ ವಿಮಾನ ಹೆಚ್ಚಿರುವ ಬೆಂಗಳೂರೇ ಸರಿ. ಹಿರಿಯೂರು, ಹೊಸದುರ್ಗದವರಂತೂ ಯೋಚನೆ ಮಾಡಬೇಕಾದ್ದೇ ಇಲ್ಲ. ಹೊನ್ನಾಳಿ, ನ್ಯಾಮತಿ, ಚನ್ನಗಿರಿ ದಾವಣಗೆರೆ ಜಿಲ್ಲೆಯಲ್ಲಿದ್ದರೂ ಶಿವಮೊಗ್ಗ ಅವರಿಗೆ ನಲವತ್ತು ಕಿ.ಮೀ. ಆಸುಪಾಸು. ಅವರು ಶಿವಮೊಗ್ಗದ ವೇಳಾಪಟ್ಟಿ ನೋಡದೆ ಬೇರೆ ಕಡೆ ಟಿಕೆಟ್ ಮಾಡಬಾರದು. ಮೊಳಕಾಲ್ಮೂರಿನವರು ಬಳ್ಳಾರಿ ಪಕ್ಕದ ತೋರಣಗಲ್ಲಿನ ವಿದ್ಯಾನಗರ ನಿಲ್ದಾಣವನ್ನೂ ಒಮ್ಮೆ ಹುಡುಕಲಿ. ಅಲ್ಲಿಂದ ಹೊರಡುವುದು ಬೆರಳೆಣಿಕೆಯಷ್ಟು ವಿಮಾನ, ಸಿಕ್ಕರೆ ಅನುಕೂಲ.

ಹುಬ್ಬಳ್ಳಿ: ಹೋಗುವುದು ಸುಲಭ, ರದ್ದಾದರೆ ಕಷ್ಟ

ಕಾರಿನಲ್ಲಿ ದಾವಣಗೆರೆಯಿಂದ ಎರಡೂವರೆ ಗಂಟೆ. ರಾಣೆಬೆನ್ನೂರಿನ ಹತ್ತಿರ ಚಳಗೇರಿ, ಆಮೇಲೆ ಬಂಕಾಪುರ ಟೋಲ್. ಗಬ್ಬೂರು ಮುಟ್ಟಿದ ಮೇಲೆ ಊರೊಳಗೆ ನುಗ್ಗಬೇಡಿ. ಬೈಪಾಸ್ ಹಿಡಿದು ಗೋಕುಲ ರಸ್ತೆಯ ಕಡೆಯಿಂದ ಬಂದರೆ ಪೇಟೆಯ ಗದ್ದಲ ತಪ್ಪುತ್ತದೆ.

ಬಸ್ಸಿನಲ್ಲಿ ಹೋಗುವವರಿಗೆ ಇಲ್ಲೊಂದು ಅನುಕೂಲವಿದೆ. ಹುಬ್ಬಳ್ಳಿಯ ಹೊಸ ಬಸ್ ನಿಲ್ದಾಣ ಇರುವುದೂ ಗೋಕುಲ ರಸ್ತೆಯಲ್ಲೇ, ವಿಮಾನ ನಿಲ್ದಾಣ ಅದೇ ರಸ್ತೆಯಲ್ಲಿ ಮುಂದೆ. ಬಸ್ಸಿಳಿದು ಆಟೊ ಹತ್ತಿದರೆ ಆಯಿತು. ರೈಲಾದರೆ 143 ಕಿ.ಮೀ., ಗಾಡಿ ನೋಡಿಕೊಂಡು ಎರಡರಿಂದ ಎರಡೂವರೆ ಗಂಟೆ. ಆದರೆ ಹುಬ್ಬಳ್ಳಿ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ, ಜಗತ್ತಿನಲ್ಲೇ ಅತಿ ಉದ್ದದ್ದು. ಗಾಡಿ ಅದರ ಯಾವ ತುದಿಯಲ್ಲಿ ನಿಲ್ಲುತ್ತದೋ ಹೇಳಲಾಗದು. ಎರಡು ಸೂಟ್‌ಕೇಸ್, ಜೊತೆಗೆ ವಯಸ್ಸಾದವರಿದ್ದರೆ ನಡಿಗೆಗೇ ಕಾಲು ಗಂಟೆ ಇಟ್ಟುಕೊಳ್ಳಿ.

ಈ ನಿಲ್ದಾಣದ ದೌರ್ಬಲ್ಯ ಒಂದೇ, ವಿಮಾನಗಳ ಸಂಖ್ಯೆ. ಮುಂಬೈ, ದೆಹಲಿ, ಹೈದರಾಬಾದ್, ಚೆನ್ನೈ, ಪುಣೆಗಳಿಗೆ ಇಲ್ಲಿಂದ ನೇರ ಸೇವೆ ನಡೆದಿದೆ, ದೆಹಲಿಗೆ ಶುರುವಾಗಿದ್ದು 2022ರ ನವೆಂಬರ್‌ನಲ್ಲಿ. ಆದರೆ ಒಂದೊಂದು ಊರಿಗೆ ದಿನಕ್ಕೆ ಒಂದೋ ಎರಡೋ. ಬೆಳಗಿನದು ರದ್ದಾದರೆ ಕಂಪನಿ ನಿಮ್ಮನ್ನು ಮರುದಿನಕ್ಕೆ ಹಾಕಬಹುದು, ಇಲ್ಲವೇ ಬೆಂಗಳೂರು ಸುತ್ತಿಸಿ ಕಳಿಸಬಹುದು. ಹಾಗಾದಾಗ ಕೌಂಟರಿನಲ್ಲಿ ಬೆಳಗಾವಿಯ ಸಾಂಬ್ರಾದಿಂದ ಸೀಟು ಇದೆಯೇ ಎಂದೂ ಕೇಳಿ. ಹುಬ್ಬಳ್ಳಿಯಿಂದ ಅದು 90–100 ಕಿ.ಮೀ., ಎರಡು ಗಂಟೆಯೊಳಗಿನ ದಾರಿ. ವೀಸಾ ಸಂದರ್ಶನ, ಪರೀಕ್ಷೆ, ಆಪರೇಷನ್ ಮುಂತಾದ ತಪ್ಪಿಸಲಾಗದ ಕೆಲಸವಿದ್ದರೆ ಹುಬ್ಬಳ್ಳಿಯ ವಿಮಾನವನ್ನು ಹಿಂದಿನ ದಿನಕ್ಕೇ ಮಾಡಿಸಿಕೊಳ್ಳುವುದು ಕ್ಷೇಮ.

ಇನ್ನೊಂದು ಮಾತು. ವಿಮಾನದ ವೇಳಾಪಟ್ಟಿ ವರ್ಷಕ್ಕೆ ಎರಡು ಸಲ ಬದಲಾಗುತ್ತದೆ, ಮಾರ್ಚ್ ಕೊನೆಯ ಭಾನುವಾರ ಮತ್ತು ಅಕ್ಟೋಬರ್ ಕೊನೆಯ ಭಾನುವಾರ. ಸಣ್ಣ ನಿಲ್ದಾಣಗಳ ಮಾರ್ಗ ಹುಟ್ಟುವುದೂ ನಿಲ್ಲುವುದೂ ಸಾಮಾನ್ಯವಾಗಿ ಆ ಹೊತ್ತಿನಲ್ಲೇ. ಫೆಬ್ರವರಿಯಲ್ಲಿ ನೋಡಿದ ವಿಮಾನ ಏಪ್ರಿಲ್‌ನಲ್ಲೂ ಇರುತ್ತದೆ ಎಂದು ಮದುವೆಯ ದಿಬ್ಬಣದ ಪ್ಲಾನ್ ಮಾಡಬೇಡಿ.

ಶಿವಮೊಗ್ಗ: ಹತ್ತಿರ ಇದೆ, ಎಲ್ಲಿಗೆ ಎನ್ನುವುದು ಮುಖ್ಯ

ಸೋಗಾನೆಯ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆಯಾಯಿತು, ಪ್ರಯಾಣಿಕರ ವಿಮಾನ ಬಂದಿದ್ದು ಆಗಸ್ಟ್ 31ರಂದು. ರನ್‌ವೇ 3,200 ಮೀಟರ್, ದೊಡ್ಡ ವಿಮಾನಕ್ಕೂ ಸಾಕು. ಬಂದಿಳಿಯುವುದು ಮಾತ್ರ ಬಹುತೇಕ ಸಣ್ಣ ವಿಮಾನಗಳು.

ದಾವಣಗೆರೆಯಿಂದ ಹರಿಹರ, ಹೊನ್ನಾಳಿ ಮೇಲೆ ಶಿವಮೊಗ್ಗ 90 ಕಿ.ಮೀ. ನಿಲ್ದಾಣ ಇರುವುದು ಊರಿನ ದಕ್ಷಿಣಕ್ಕೆ, ಅಂದರೆ ನಮಗೆ ಆಚೆ ಬದಿ. ಶಿವಮೊಗ್ಗ ದಾಟಿ ಹೋಗಬೇಕಾದ್ದರಿಂದ ಒಟ್ಟು 105 ಕಿ.ಮೀ., ಎರಡೂ ಕಾಲು ಗಂಟೆ ಹಿಡಿಯಿರಿ. ಕಿಲೋಮೀಟರ್ ಕಡಿಮೆ, ಸಮಯ ಹುಬ್ಬಳ್ಳಿಯಷ್ಟೇ. ರಸ್ತೆ ಆರು ಪಥದ ಹೆದ್ದಾರಿಯಲ್ಲ. ಭತ್ತ, ಕಬ್ಬಿನ ಸುಗ್ಗಿಯಲ್ಲಿ ಲೋಡು ತುಂಬಿದ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಕೊಂಡರೆ ಓವರ್‌ಟೇಕ್ ಮಾಡಲು ಜಾಗ ಸಿಗುವುದಿಲ್ಲ. ರಾತ್ರಿ ಹಿಂದೀಪವಿಲ್ಲದ ಟ್ರೇಲರ್‌ಗಳ ಬಗ್ಗೆ ಇನ್ನೂ ಎಚ್ಚರ ಬೇಕು. ಮಲೆನಾಡಿನ ಅಂಚಿನ ಊರಾದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕೆಳಗಿಳಿದು, ಚಳಿಗಾಲದ ಬೆಳಿಗ್ಗೆ ಮಂಜು ಕವಿದು ವಿಮಾನ ಇಳಿಯಲಾಗದೆ ವಾಪಸ್ ಹೋಗುವುದಿದೆ.

ಹೈದರಾಬಾದ್, ಚೆನ್ನೈ, ತಿರುಪತಿಯಂಥ ಊರಿಗೆ ನೇರ ವಿಮಾನ ನಿಮ್ಮ ದಿನಕ್ಕೆ ಸಿಕ್ಕರೆ ಶಿವಮೊಗ್ಗ ಒಳ್ಳೆಯ ಆಯ್ಕೆ. ಬೆಂಗಳೂರಿಗೆ ಹೋಗಲೆಂದೇ ದಾವಣಗೆರೆಯಿಂದ ಶಿವಮೊಗ್ಗಕ್ಕೆ ಹೋಗಿ ವಿಮಾನ ಹತ್ತುವುದು ಮಾತ್ರ ಮೂಗು ಸುತ್ತಿ ಹಿಡಿದಂತೆ. ಎರಡೂ ಕಾಲು ಗಂಟೆ ರಸ್ತೆ, ಒಂದೂವರೆ ಗಂಟೆ ನಿಲ್ದಾಣ, ಒಂದು ಗಂಟೆ ಹಾರಾಟ ಸೇರಿದರೆ ನಾಲ್ಕೂ ಮುಕ್ಕಾಲು ಗಂಟೆ. ಹೆಚ್ಚುಕಡಿಮೆ ಅಷ್ಟೇ ಹೊತ್ತಿಗೆ ಕಾರು ನೇರವಾಗಿ ದೇವನಹಳ್ಳಿಗೇ ಹೋಗಿರುತ್ತದೆ. ಬೆಂಗಳೂರಿನಲ್ಲಿ ವಿಮಾನ ಬದಲಿಸಿ ಮುಂದೆ ಹೋಗುವುದಿದ್ದು, ಎರಡೂ ಹಾರಾಟ ಒಂದೇ ಪಿಎನ್‌ಆರ್‌ನಲ್ಲಿದ್ದರೆ ಆಗ ಯೋಚಿಸಬಹುದು. ಬ್ಯಾಗು ಕೊನೆಯ ಊರಿನವರೆಗೆ ತಾನೇ ಹೋಗುತ್ತದೆ, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಮುಂದಿನದಕ್ಕೆ ಹತ್ತಿಸುವ ಹೊಣೆ ಕಂಪನಿಯದು. ಅಗ್ಗ ಎಂದು ಎರಡು ಬೇರೆ ಬೇರೆ ಟಿಕೆಟ್ ಮಾಡಿದರೆ ಆ ಹೊಣೆ ಯಾರದೂ ಅಲ್ಲ, ಎರಡನೆಯ ಟಿಕೆಟ್ ದುಡ್ಡು ಹೋಯಿತೆಂದೇ ತಿಳಿಯಿರಿ.

ದೇವನಹಳ್ಳಿ: ದಾಬಸ್‌ಪೇಟೆಯಲ್ಲಿ ಎಡಕ್ಕೆ

2008ರ ಮೇನಲ್ಲಿ ತೆರೆದ ಕೆಂಪೇಗೌಡ ವಿಮಾನ ನಿಲ್ದಾಣ ಬೆಂಗಳೂರಿನ ಉತ್ತರಕ್ಕಿದೆ. ಅದನ್ನು ತಲುಪಲು ಬೆಂಗಳೂರಿನೊಳಗೆ ಹೋಗಬೇಕಾಗಿಲ್ಲ. ಹೆಬ್ಬಾಳು, ಗುಯಿಲಾಳು, ಕರ್ಜೀವನಹಳ್ಳಿ ಟೋಲ್‌ಗಳನ್ನೂ ತುಮಕೂರನ್ನೂ ದಾಟಿ ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿದರೆ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ. ಉಪನಗರ ವರ್ತುಲ ರಸ್ತೆಯ ಈ ಭಾಗ 2024ರಲ್ಲಿ ಉದ್ಘಾಟನೆಯಾದ ಮೇಲೆ ಕಾರಿನವರಿಗೆ ಬೇರೆ ದಾರಿ ಹುಡುಕುವ ಅಗತ್ಯವೇ ಉಳಿದಿಲ್ಲ. ಮ್ಯಾಪ್ ಕೆಲವೊಮ್ಮೆ ‘ಐದು ನಿಮಿಷ ಬೇಗ’ ಎಂದು ನೆಲಮಂಗಲ, ಹೆಬ್ಬಾಳದ ಕಡೆ ಎಳೆಯುತ್ತದೆ. ಬೆಳಿಗ್ಗೆ ಎಂಟರ ಮೇಲೆ, ಸಂಜೆ ಐದರ ಮೇಲೆ ಅದನ್ನು ನಂಬಬೇಡಿ. ಎಂಟನೇ ಮೈಲಿಯಿಂದ ಗೊರಗುಂಟೆಪಾಳ್ಯ ದಾಟುವುದರೊಳಗೆ ಆ ಐದು ನಿಮಿಷ ಐವತ್ತಾಗಿರುತ್ತದೆ. ಚಾಲಕ ಹೊಸಬನಾದರೆ ಹೊರಡುವಾಗಲೇ ದೊಡ್ಡಬಳ್ಳಾಪುರವನ್ನು ನಡುವಿನ ನಿಲುಗಡೆಯಾಗಿ ಹಾಕಿಸಿ.

ಬಸ್ಸಿನಲ್ಲಿ ಬರುವವರು ಮೆಜೆಸ್ಟಿಕ್‌ವರೆಗೆ ಹೋಗದೆ ಗೊರಗುಂಟೆಪಾಳ್ಯದಲ್ಲಿ ಇಳಿದು ಕ್ಯಾಬ್ ಹಿಡಿದರೆ ವರ್ತುಲ ರಸ್ತೆಯಲ್ಲಿ ಹೆಬ್ಬಾಳ, ಅಲ್ಲಿಂದ ನೇರ ದಾರಿ. ಕ್ಯಾಬ್ ಬೇಡ ಎನ್ನುವವರಿಗೆ ಮೆಜೆಸ್ಟಿಕ್‌ನಿಂದ ಬಿಎಂಟಿಸಿಯ ವಾಯುವಜ್ರ ಕೆಐಎ-9 ಇದೆ. ಕೆಎಸ್‌ಆರ್‌ಟಿಸಿ ಹೊರ ಜಿಲ್ಲೆಗಳಿಂದ ವಿಮಾನ ನಿಲ್ದಾಣಕ್ಕೇ ಫ್ಲೈಬಸ್ ಓಡಿಸುತ್ತದೆ. ನಿಮ್ಮ ಊರು, ನಿಮ್ಮ ಹೊತ್ತಿಗೆ ಹೊಂದುತ್ತದೆಯೇ ಎಂದು ಅವರ ಬುಕಿಂಗ್ ಆ್ಯಪ್‌ನಲ್ಲಿ ಮೊದಲೇ ನೋಡಿ.

ರೈಲಿನ ಬಗ್ಗೆ ಒಂದು ಮಾತು. ರಸ್ತೆ 260 ಕಿ.ಮೀ. ಆದರೆ ರೈಲು ಚಿಕ್ಕಜಾಜೂರು, ಬೀರೂರು, ಅರಸೀಕೆರೆ, ತಿಪಟೂರು ಸುತ್ತಿ 325 ಕಿ.ಮೀ. ಹತ್ತಿರ ಓಡುತ್ತದೆ. 2023ರ ಜೂನ್‌ನಲ್ಲಿ ಶುರುವಾದ ವಂದೇ ಭಾರತ್ ದಾವಣಗೆರೆಯಲ್ಲಿ ನಿಲ್ಲುತ್ತದೆ, ನಾಲ್ಕು ಗಂಟೆಯ ಆಸುಪಾಸಿನಲ್ಲಿ ಯಶವಂತಪುರ ಮುಟ್ಟಿಸುತ್ತದೆ. ಅದು ಬೆಂಗಳೂರು ಸೇರುವುದು ಸಂಜೆ. ರಾತ್ರಿ ಹನ್ನೊಂದರ ಮೇಲಿನ ವಿಮಾನಕ್ಕೆ ಚೆನ್ನಾಗಿ ಹೊಂದುತ್ತದೆ, ಬೆಳಗಿನ ವಿಮಾನಕ್ಕೆ ಹೊಂದುವುದಿಲ್ಲ. ತುಮಕೂರು, ಚಿತ್ರದುರ್ಗ, ದಾವಣಗೆರೆ ನೇರ ಮಾರ್ಗ ಮುಗಿದ ಮೇಲೆ ಈ ಸುತ್ತು ತಪ್ಪಬೇಕು.

ವಿದೇಶಕ್ಕೆ ಹೋಗುವವರ ಲೆಕ್ಕ ಹೀಗೆ. ಬೆಳಗಿನ ಜಾವ 4ಕ್ಕೆ ವಿಮಾನ ಎಂದರೆ 1 ಗಂಟೆಗೆ ಎರಡನೇ ಟರ್ಮಿನಲ್ ಬಾಗಿಲಲ್ಲಿರಬೇಕು. ಐದು ಗಂಟೆ ದಾರಿ, ಶಿರಾದ ಬಳಿ ಅರ್ಧ ಗಂಟೆ ಊಟ, ಅಂದರೆ ಹಿಂದಿನ ದಿನ ರಾತ್ರಿ ಏಳೂವರೆಗೆ ದಾವಣಗೆರೆ ಬಿಡಬೇಕು. ಇಲ್ಲಿ ಎಡವುವುದು ತಾರೀಖಿನಲ್ಲಿ. 15ನೇ ತಾರೀಖು 4 ಗಂಟೆಯ ವಿಮಾನಕ್ಕೆ 14ರ ಸಂಜೆಯೇ ಹೊರಡಬೇಕು. ದೇಶದೊಳಗಿನ ವಿಮಾನಕ್ಕೆ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮುಂಚೆ, ಗೇಟು 25 ನಿಮಿಷ ಮುಂಚೆ ಮುಚ್ಚುತ್ತದೆ. ಮೊದಲನೆಯ ಟರ್ಮಿನಲ್ಲೋ ಎರಡನೆಯದೋ ಎಂಬುದನ್ನು ಹೊರಡುವ ದಿನ ಟಿಕೆಟ್‌ನಲ್ಲಿ ಮತ್ತೆ ನೋಡಿ. ಡಿಸೆಂಬರ್, ಜನವರಿಯಲ್ಲಿ ದೇವನಹಳ್ಳಿಯಲ್ಲೂ ಬೆಳಗಿನ ಮಂಜು ಕಾಟ ಕೊಡುತ್ತದೆ.

ಮುಂಬೈ ಒಂದನ್ನೇ ತೆಗೆದುಕೊಂಡರೆ

ದಾವಣಗೆರೆಯಿಂದ ಹುಬ್ಬಳ್ಳಿ ಮೂಲಕ: ರಸ್ತೆ 2.30, ನಿಲ್ದಾಣದಲ್ಲಿ 1.30, ಹಾರಾಟ 1.20, ಬ್ಯಾಗಿಗೆ ಅರ್ಧ ಗಂಟೆ. ಆರು ಗಂಟೆಯೊಳಗೆ ಮುಗಿಯಿತು. ದೇವನಹಳ್ಳಿ ಮೂಲಕ ಒಂಬತ್ತು ಗಂಟೆಯ ಹತ್ತಿರ ಹಿಡಿಯುತ್ತದೆ. ರಾತ್ರಿಯ ಸ್ಲೀಪರ್ ಬಸ್ 12–14 ಗಂಟೆ, ಆದರೆ ಆ ಹೊತ್ತು ನಿದ್ದೆಯಲ್ಲಿ ಕಳೆಯುತ್ತದೆ, ಒಂದು ರಾತ್ರಿಯ ಲಾಡ್ಜ್ ಖರ್ಚೂ ಉಳಿಯುತ್ತದೆ. ಒಬ್ಬರೇ ಹೋಗುವವರು, ಮುಂಬೈಯಲ್ಲಿ ಬೆಳಿಗ್ಗೆ ಹತ್ತರ ಕೆಲಸವಿರುವವರು ಬಸ್ಸನ್ನೋ ದಾದರ್‌ಗೆ ಹೋಗುವ ಚಾಲುಕ್ಯ, ಶರಾವತಿ ರೈಲುಗಳನ್ನೋ ಕಡೆಗಣಿಸಬಾರದು. ಹೈದರಾಬಾದಿಗೂ ರಾತ್ರಿ ಬಸ್ಸೇ ಬಹಳ ಸಲ ಗೆಲ್ಲುತ್ತದೆ.

ದುಡ್ಡಿನ ಹೋಲಿಕೆಗೆ ಬರೀ ಟಿಕೆಟ್ ದರ ನೋಡಿದರೆ ಮೋಸ ಹೋಗುತ್ತೀರಿ. ಬಾಡಿಗೆ ಕಾರು ನಿಮ್ಮನ್ನು ಬಿಟ್ಟು ಖಾಲಿ ಬಂದರೂ ಎರಡೂ ಕಡೆಯ ಕಿಲೋಮೀಟರ್ ಎಣಿಸುತ್ತಾರೆ. ಕಿ.ಮೀ.ಗೆ 13 ರೂಪಾಯಿ ಎಂದು ಹಿಡಿದರೆ ಹುಬ್ಬಳ್ಳಿಗೆ 300 ಕಿ.ಮೀ., 3,900 ರೂಪಾಯಿ. ದೇವನಹಳ್ಳಿಗೆ 550 ಕಿ.ಮೀ., 7,150 ರೂಪಾಯಿ. ಟೋಲ್, ಚಾಲಕನ ಬಾಟಾ ಬೇರೆ. ಅಂತರ 3,250. ನಾಲ್ಕು ಜನ ಇದ್ದರೆ ತಲೆಗೆ ಎಂಟುನೂರು ಚಿಲ್ಲರೆ, ಒಬ್ಬರೇ ಆದರೆ ಪೂರ್ತಿ ಹೊರೆ. ಹುಬ್ಬಳ್ಳಿ ಟಿಕೆಟ್ ಸಾವಿರ ರೂಪಾಯಿ ದುಬಾರಿ ಇದ್ದರೂ ಒಂಟಿ ಪ್ರಯಾಣಿಕನಿಗೆ ಅದೇ ಅಗ್ಗ.

ಸಾಮಾನು

ದೇಶದೊಳಗಿನ ಸಾಮಾನ್ಯ ಟಿಕೆಟ್‌ಗೆ ಕೈಚೀಲ 7 ಕೆ.ಜಿ., ಕೌಂಟರಿನಲ್ಲಿ ಕೊಡುವುದು 15 ಕೆ.ಜಿ. ಎಟಿಆರ್‌ನಲ್ಲಿ ಸೀಟಿನ ಮೇಲಿನ ಗೂಡು ಚಿಕ್ಕದು, ಚಕ್ರದ ಕ್ಯಾಬಿನ್ ಬ್ಯಾಗನ್ನು ಮೆಟ್ಟಿಲ ಬಳಿಯೇ ಇಸಿದುಕೊಂಡು ಕೆಳಗೆ ಹಾಕುವುದುಂಟು. ಔಷಧಿ, ಒಡವೆಯನ್ನು ಅದರಲ್ಲಿ ಇಡಬೇಡಿ. ಪವರ್‌ಬ್ಯಾಂಕ್ ಇದಕ್ಕೆ ತದ್ವಿರುದ್ಧ: ಕೈಯಲ್ಲೇ ಇರಬೇಕು, ಕೆಳಗೆ ಹೋಗುವ ಬ್ಯಾಗಿನಲ್ಲಿದ್ದರೆ ಬ್ಯಾಗು ತೆಗೆಸುತ್ತಾರೆ. ಮಡಿಲು ತುಂಬಿದ ಸಾಮಾನಿನಲ್ಲಿ ಒಣ ಕೊಬ್ಬರಿ ಗಿಟುಕು ಇದ್ದರೆ ಮನೆಯಲ್ಲೇ ತೆಗೆದಿಡಿ. ಎಣ್ಣೆಯಂಶದಿಂದ ತಾನಾಗಿ ಕಾದು ಹೊತ್ತಿಕೊಳ್ಳಬಹುದಾದ ವಸ್ತುಗಳ ಪಟ್ಟಿಯಲ್ಲಿ ಅದು ಬರುತ್ತದೆ. ಮಂಡಕ್ಕಿ ಚೀಲಕ್ಕೆ ತೂಕದ ತೊಂದರೆ ಇಲ್ಲ, ಗಾತ್ರದ್ದು ಇದೆ. ಗಟ್ಟಿ ಡಬ್ಬಿಯಲ್ಲಿ ತುಂಬದಿದ್ದರೆ ಪುಡಿಯಾಗಿ ತಲುಪುತ್ತದೆ.

ತಡವಾದರೆ, ವಾಪಸ್ ಬರುವಾಗ

ಎರಡೂವರೆ ಗಂಟೆಯೊಳಗಿನ ಹಾರಾಟ ಎರಡು ಗಂಟೆಗಿಂತ ಹೆಚ್ಚು ತಡವಾದರೆ ಕಾಯುತ್ತಿರುವವರಿಗೆ ಊಟ ತಿಂಡಿ ಕೊಡಬೇಕು ಎಂಬುದು ವಿಮಾನಯಾನ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎ ನಿಯಮ. ಆರು ಗಂಟೆ ಮೀರಿದರೆ ಬೇರೆ ವಿಮಾನ, ಇಲ್ಲವೇ ಪೂರ್ತಿ ಹಣ ವಾಪಸ್ ಕೇಳಬಹುದು. ಕೇಳದವರಿಗೆ ತಾವಾಗಿ ಹೇಳುವವರು ಕಡಿಮೆ.

ವಾಪಸ್ ಬರುವಾಗ ಹುಬ್ಬಳ್ಳಿಗೆ ರಾತ್ರಿ ಒಂಬತ್ತಕ್ಕೆ ಇಳಿದರೂ ಗಾಬರಿ ಬೇಡ. ಬೆಂಗಳೂರಿಗೆ ಹೋಗುವ ರಾತ್ರಿ ಬಸ್ಸುಗಳೆಲ್ಲ ದಾವಣಗೆರೆ ಮೇಲೆಯೇ ಹೋಗುತ್ತವೆ. ಹತ್ತುವಾಗ ‘ಸ್ಟ್ಯಾಂಡಿಗೆ ಹೋಗುತ್ತೀರಾ, ಬೈಪಾಸಿನಲ್ಲೇ ಇಳಿಸುತ್ತೀರಾ’ ಎಂದು ಕಂಡಕ್ಟರನ್ನು ಕೇಳಿಕೊಳ್ಳಿ. ರಾತ್ರಿ ಹನ್ನೆರಡಕ್ಕೆ ಹೆದ್ದಾರಿ ಪಕ್ಕದಲ್ಲಿ ಇಳಿದರೆ ಆಟೊ ಸಿಗುವುದು ಕಷ್ಟ, ಮನೆಯವರಿಗೆ ಮೊದಲೇ ಹೇಳಿರಬೇಕು. ದೇವನಹಳ್ಳಿಗೆ ರಾತ್ರಿ ಹನ್ನೊಂದರ ಮೇಲೆ ಇಳಿಯುವವರ ಕಥೆ ಬೇರೆ. ನಗರಕ್ಕೆ ಬರುವಷ್ಟರಲ್ಲಿ ನಮ್ಮ ಕಡೆಯ ಹೆಚ್ಚಿನ ಸ್ಲೀಪರ್ ಬಸ್ಸುಗಳು ಹೊರಟುಬಿಟ್ಟಿರುತ್ತವೆ. ಟಿಕೆಟ್ ಮಾಡುವಾಗಲೇ ರಾತ್ರಿ ಎಂಟರೊಳಗೆ ಇಳಿಯುವ ವಿಮಾನ ಆರಿಸಿ, ಅದು ಸಿಗದಿದ್ದರೆ ಬೆಳಗಿನ ಜಾವ ಇಳಿಯುವಂಥದ್ದನ್ನು ಹಿಡಿದು ಯಶವಂತಪುರದಿಂದ ಬೆಳಗಿನ ವಂದೇ ಭಾರತ್ ಹತ್ತಿ.